ಮಕ್ಕಳು ದೊಡ್ಡವರಾಗಲಿ ಎನ್ನುವವರಿಗೆ

"ಮಕ್ಕಳು ಸ್ವಲ್ಪ ದೊಡ್ಡವರಾಗಲಿ." ನಮ್ಮ ಕಡೆ ಹೆಂಗಸರಿಗೆ ಹೇಳುವ ಬುದ್ಧಿಮಾತುಗಳಲ್ಲಿ ಇಷ್ಟು ಮೆತ್ತಗಿನದು ಇನ್ನೊಂದಿಲ್ಲ. ಬೇಡ ಎಂದು ಯಾರೂ ಹೇಳುವುದಿಲ್ಲ. ಬೇಡ ಎಂದರೆ ಜಗಳವಾದರೂ ಆಡಬಹುದು. ದೊಡ್ಡವರಾಗಲಿ ಎಂದರೆ ಯಾರೊಡನೆ ಜಗಳವಾಡುವುದು? ಬಿ.ಎಡ್. ಮಾಡಬೇಕೆಂದವಳಿಗೂ ಇದೇ ಮಾತು, ಮದುವೆಯೊಂದಿಗೆ ನಿಂತುಹೋದ ಸಂಗೀತಪಾಠವನ್ನು ಮತ್ತೆ ಹಿಡಿಯಬೇಕೆಂದವಳಿಗೂ ಇದೇ ಮಾತು, ಸೊಸೈಟಿಯಲ್ಲಿ ಸಿಕ್ಕಿದ ಕೆಲಸಕ್ಕೆ ಸೇರಬೇಕೆಂದವಳಿಗೂ ಇದೇ. ಈಗ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಬಂದು, ಸಂಸಾರ ಸಮೇತ ನಾಲ್ಕು ದಿನ ಪರದೇಶದ ಒಂದು ಊರು ನೋಡಿ ಬರೋಣವೆಂದರೆ, ಅಲ್ಲಿಗೂ ಈ ಮಾತು ನಮಗಿಂತ ಮುಂಚೆ ಹೋಗಿ ಕೂತಿರುತ್ತದೆ.

2019ರ ಫೆಬ್ರವರಿಯಲ್ಲಿ ನಾವು ದುಬೈಗೆ ಹೊರಟಾಗ ಮಗಳಿಗೆ ಐದು ವರ್ಷ, ಮಗನಿಗೆ ಒಂದೂವರೆ. ಬಂಟ್ವಾಳದ ಮನೆಯಲ್ಲಿ ಅತ್ತೆ, ಬೆಳ್ತಂಗಡಿಯ ತವರಿನಲ್ಲಿ ಅಮ್ಮ, ಮೂಡುಬಿದಿರೆಯಿಂದ ಫೋನಿನಲ್ಲಿ ಇವರ ಅಕ್ಕ, ಹೀಗೆ ಮೂರು ತಾಲೂಕುಗಳಿಂದ ಒಂದೇ ಮಾತು ಬಂತು. ಮೂವರೂ ನನ್ನ ಮೇಲೆ ಪ್ರೀತಿ ಇರುವವರೇ. ಆದರೆ ಮೂವರೂ ಹೇಳಿದ್ದು ನನಗೆ. ಟಿಕೆಟು ತೆಗೆದವರು ಇವರು, ರಜೆ ಹಾಕಿದವರು ಇವರು. ಇವರಿಗೆ ಯಾರೂ ಏನೂ ಹೇಳಲಿಲ್ಲ. "ಹೋಗಿ ಬಾ, ಜಾಗ್ರತೆ" ಎಂದರು, ಅಷ್ಟೆ.

ಪರದೇಶವೆಂದರೆ ನಮಗೇನು ಹೊಸತೇ? ಗಲ್ಫಿನಲ್ಲಿ ದುಡಿಯುವ ಒಬ್ಬನಿಲ್ಲದ ಓಣಿ ಬಿ.ಸಿ.ರೋಡಿನಲ್ಲಾಗಲಿ ಗುರುವಾಯನಕೆರೆಯಲ್ಲಾಗಲಿ ಹುಡುಕಿದರೂ ಕಷ್ಟ. ಮೊದಲು ಮುಂಬಯಿಗೆ ಹೋಗಿ, ಅಲ್ಲಿ ಏಜೆಂಟನ ಕಾಲು ಹಿಡಿದು ವಿಮಾನ ಹತ್ತಬೇಕಿತ್ತು. 2006ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬಜಪೆಯಿಂದ ನೇರ ದುಬೈಗೆ ಹಾರಿತು. ಆ ಮೇಲೆ ಊಟ ಮುಗಿಸಿ ಹೊರಟವನು ರಾತ್ರಿಯ ಊಟಕ್ಕೆ ಅಲ್ಲಿರಬಹುದು. ನಾವು ಚಿಕ್ಕಂದಿನಿಂದ ಅಲ್ಲಿಯ ಸೆಂಟು ಹಚ್ಚಿದ್ದೇವೆ, ಅಲ್ಲಿಯ ಹಾಲಿನ ಪುಡಿಯಲ್ಲಿ ಚಹಾ ಕುಡಿದಿದ್ದೇವೆ, ಅಲ್ಲಿಂದ ಬಂದ ಕಂಬಳಿ ಹೊದ್ದಿದ್ದೇವೆ. ಊರನ್ನು ನೋಡಬೇಕೆಂದ ಕೂಡಲೇ ಅದು ದೂರವಾಗಿಬಿಡುತ್ತದೆ.

ಬೆಂಗಳೂರಿನಲ್ಲಿ ದೊಡ್ಡಪ್ಪನ ಮೊಮ್ಮಗಳ ಮದುವೆ ಎನ್ನಿ. ಆರು ತಿಂಗಳ ಮಗುವನ್ನು ಎದೆಗವಚಿಕೊಂಡು ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿಯ ತಿರುವುಗಳನ್ನು ಹತ್ತುತ್ತೇವೆ. ಏಳೆಂಟು ಗಂಟೆಯ ದಾರಿ. ಮಗು ಕಾರುತ್ತದೆ, ನಾವೂ ಕಾರುತ್ತೇವೆ. ಬೆಳಿಗ್ಗೆ ಇಳಿದು ರೇಷ್ಮೆ ಸೀರೆ ಉಟ್ಟು ನಗಬೇಕು. ಆಗ ಯಾರೂ ಮಗು ದೊಡ್ಡದಾಗಲಿ ಎನ್ನುವುದಿಲ್ಲ. ಹೋಗದಿದ್ದರೆ ಬೇಸರ ಬೇರೆ. ಧರ್ಮಸ್ಥಳದಲ್ಲಿ ಹಸುಗೂಸುಗಳನ್ನೆತ್ತಿಕೊಂಡು ಸರತಿಯಲ್ಲಿ ನಿಂತ ತಾಯಂದಿರನ್ನು ನಾನು ಹುಟ್ಟಿದಂದಿನಿಂದ ನೋಡಿದ್ದೇನೆ. ದುಬೈ ನಾಲ್ಕು ಗಂಟೆಯ ದಾರಿ. ಹಾಗಾದರೆ ತೊಂದರೆ ಇರುವುದು ಮಗುವಿನ ವಯಸ್ಸಿನಲ್ಲಲ್ಲ. ಮದುವೆ, ಹರಕೆ, ಬಾಳಂತಿ ಮದ್ದು, ಯಾರದೋ ಹದಿಮೂರನೆಯ ದಿನ, ಇವಕ್ಕೆ ಹೊರಟರೆ ತಾಯಿ ಕರ್ತವ್ಯಕ್ಕೆ ಹೊರಟಂತೆ. ಸುಮ್ಮನೆ ಒಂದು ಊರು ನೋಡಲು ಹೊರಟರೆ ಅವಳು ತನ್ನ ಸಂತೋಷಕ್ಕೆ ಹೊರಟಂತೆ. ಅದು ಯಾಕೋ ಕಣ್ಣಿಗೆ ಚುಚ್ಚುತ್ತದೆ.

ವಿಮಾನದ ಭಯವನ್ನೂ ಕೆಲವರು ಹೇಳುತ್ತಾರೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜಪೆಯ ಗುಡ್ಡದಿಂದ ಕೆಳಗುರುಳಿ 158 ಮಂದಿ ಹೋದರು. ಅವರಲ್ಲಿ ಮಕ್ಕಳೂ ಇದ್ದರು. ನಮ್ಮೂರುಗಳಲ್ಲಿ ಅದು ಹಗುರಾಗಿ ಎತ್ತುವ ವಿಷಯವಲ್ಲ, ಎತ್ತಿದವರನ್ನು ನಾನು ಗೇಲಿ ಮಾಡುವುದಿಲ್ಲ. ಆದರೆ ಅದೇ ನಿಲ್ದಾಣದಿಂದ ಅದೇ ಆಕಾಶಕ್ಕೆ ನಮ್ಮ ಗಂಡಂದಿರೂ ತಮ್ಮಂದಿರೂ ಮತ್ತೆ ಹಾರಿದರಲ್ಲ? ಅವರ ಪ್ರಾಣ ಅಗ್ಗವೇ? ದುಡಿಮೆಗಾದರೆ ಹೋಗಲೇಬೇಕು ಎಂದು ಕಣ್ಣೊರೆಸಿಕೊಂಡೆವು. ನೋಡಲಿಕ್ಕಾದರೆ ಯಾಕೆ ಎಂದು ಕೇಳುತ್ತೇವೆ.

ಇನ್ನು, "ಅಷ್ಟು ಸಣ್ಣವಕ್ಕೆ ಏನು ನೆನಪಿರುತ್ತದೆ?" ಎಂಬ ಮಾತು. ಇದನ್ನು ಹೇಳುವವರ ಮುಖದಲ್ಲಿ ಗೆದ್ದ ಕಳೆ ಇರುತ್ತದೆ. ನಿಜ, ನೆನಪಿರುವುದಿಲ್ಲ. ನನ್ನ ಮಗನಿಗೆ ದುಬೈ ಎಂಬುದು ಫೋಟೋದಲ್ಲಿರುವ ಒಂದು ಊರು. ಮಗಳಿಗೆ ಒಂದು ದೋಣಿ ನೆನಪಿದೆ, ಹೊಟೇಲಿನ ಲಿಫ್ಟ್ ನೆನಪಿದೆ. ಬೇರೇನೂ ಇಲ್ಲ. ಹಾಗೆ ನೋಡಿದರೆ ಹಾಲ್ ಹಿಡಿದು, ಐನೂರು ಮಂದಿಗೆ ಊಟ ಹಾಕಿ, ಬಲೂನಿನ ಕಮಾನು ಕಟ್ಟಿಸಿ ಮಾಡುವ ಮೊದಲ ವರ್ಷದ ಹುಟ್ಟುಹಬ್ಬ ಯಾವ ಮಗುವಿಗೆ ನೆನಪಿದೆ? ಆ ಖರ್ಚಿನಲ್ಲಿ ಒಂದು ಸಂಸಾರ ದುಬೈಗೆ ಹೋಗಿ ಬರಬಹುದೋ ಇಲ್ಲವೋ ಎಂದು ನೀವೇ ಲೆಕ್ಕ ಹಾಕಿ ನೋಡಿ. ಮಗುವಿಗೆ ನೆನಪಿಲ್ಲದಿದ್ದರೇನು, ನನಗೆ ನೆನಪಿದೆ. ನನಗೆ ಆಗ ಮೂವತ್ತೊಂದು. ಆ ಪ್ರವಾಸದಲ್ಲಿ ನಾನೂ ಇದ್ದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಮೂಡುಬಿದಿರೆಯ ಅತ್ತಿಗೆ ಇನ್ನೊಂದು ಸೇರಿಸಿದರು: "ಮೊದಲು ನಮ್ಮ ಸಾವಿರ ಕಂಬದ ಬಸದಿಯನ್ನು ತೋರಿಸು, ದುಬೈ ಆಮೇಲೆ." ತೋರಿಸಿದ್ದೇನೆ. 1430ರಲ್ಲಿ ಕಟ್ಟಿದ್ದು, ಎಷ್ಟು ಸಲ ನೋಡಿದರೂ ಸಾಕೆನಿಸದು. ಅಲ್ಲಿ ಭೈರಾದೇವಿ ಮಂಟಪದ ಅಡಿಗಟ್ಟಿನಲ್ಲಿ ಏನು ಕೆತ್ತಿದ್ದಾರೆಂದು ಅತ್ತಿಗೆ ಬಗ್ಗಿ ನೋಡಿದ್ದಾರೋ ಇಲ್ಲವೋ. ಒಂದು ಜಿರಾಫೆ ಇದೆ. ಚೀನಾದ ಡ್ರ್ಯಾಗನ್ ಇದೆ. ಜಿರಾಫೆ ಕಾರ್ಕಳದ ಕಾಡಿನದ್ದಲ್ಲ. ಸಮುದ್ರದಾಚೆ ಕಂಡವರಾರೋ ಬಂದು ಹೇಳದೆ, ಬರೆದು ತೋರಿಸದೆ, ನಮ್ಮ ಶಿಲ್ಪಿಯ ಉಳಿಗೆ ಅದು ಸಿಗುತ್ತಿರಲಿಲ್ಲ. ಮನೆಯಲ್ಲೇ ಇರಿ ಎಂದು ಬುದ್ಧಿ ಹೇಳಲು ಆ ಬಸದಿಯನ್ನು ಸಾಕ್ಷಿ ಕರೆಯುವುದು ಸರಿಯಲ್ಲ.

ಸಮುದ್ರದಾಚೆಯ ಮಾತು ಬಂತು. ಹನ್ನೆರಡನೆಯ ಶತಮಾನದಲ್ಲಿ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿದ್ದ. ಕೈರೋದ ಹಳೆಯ ಪ್ರಾರ್ಥನಾಲಯದಲ್ಲಿ ಉಳಿದ ಅವನ ಕಾಗದಗಳನ್ನು ಹಿಡಿದು ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಅವನು ಆಶು ಎಂಬ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ. ಮಕ್ಕಳ ತಾಯಿ ಅವಳೇ ಎಂದು ತಿಳಿದವರು ಹೇಳುತ್ತಾರೆ. 1149ರಲ್ಲಿ ಮಗನನ್ನೂ ಮಗಳನ್ನೂ ಕರೆದುಕೊಂಡು ಏಡನ್ನಿಗೆ ಹೊರಟುಹೋದ. ಅಣ್ಣತಮ್ಮಂದಿರಿಗೆ ಬರೆದ ಕಾಗದದಲ್ಲಿ ಮಕ್ಕಳ ಸುದ್ದಿ ಇದೆ, ಆಶುವಿನ ಸುದ್ದಿ ಇಲ್ಲ. ನಮ್ಮ ಕರಾವಳಿಯಿಂದ ಮಕ್ಕಳೊಡನೆ ಪರದೇಶಕ್ಕೆ ಹೋದ ಇಷ್ಟು ಹಳೆಯ ಕತೆ ನನಗೆ ಬೇರೆ ಗೊತ್ತಿಲ್ಲ. ಅದರಲ್ಲೂ ತಾಯಿ ಎಲ್ಲಿ ಎಂದು ಹುಡುಕಬೇಕು!

ಇಷ್ಟು ಹೇಳಿ, ಹೋಗಿಬಿಡಿ ಎಂದು ನಿಮ್ಮನ್ನು ವಿಮಾನ ಹತ್ತಿಸಿದರೆ ಅನ್ಯಾಯವಾದೀತು. ಯಾಕೆಂದರೆ ಅಲ್ಲಿ ಇನ್ನೊಂದು ಕಾಟ ಕಾದಿರುತ್ತದೆ, ಪ್ಯಾಕೇಜ್ ಎಂಬ ಕಾಟ. ಏಜೆನ್ಸಿಯೊಂದರ ಹುಡುಗ ನಮ್ಮ ಕೈಗೆ ಕೊಟ್ಟ ಪಟ್ಟಿಯಲ್ಲಿ ನಾಲ್ಕು ದಿನಕ್ಕೆ ಹದಿನಾಲ್ಕು ಜಾಗಗಳಿದ್ದವು. ಬೆಳಿಗ್ಗೆ ಏಳೂವರೆಗೆ ಕೆಳಗೆ ತಯಾರಿರಬೇಕಂತೆ. ಎರಡು ಮಕ್ಕಳನ್ನು ಏಳೂವರೆಗೆ ಮೀಯಿಸಿ, ತಿನ್ನಿಸಿ, ಕಕ್ಕಸಿಗೆ ಕೂರಿಸಿ ತಯಾರು ಮಾಡುವವರು ಯಾರು ಎಂದು ಆ ಪಟ್ಟಿಯಲ್ಲಿ ಬರೆದಿರಲಿಲ್ಲ. ನಾನು ಒಂದು ದಿನ ಮಾತ್ರ ವ್ಯಾನಿಗೆ ಒಪ್ಪಿದೆ. ಆ ದಿನ ಬುರ್ಜ್ ಖಲೀಫಾ. 828 ಮೀಟರ್ ಎತ್ತರ, 124ನೆಯ ಮಾಳಿಗೆಯಿಂದ ಊರು ಇರುವೆಗೂಡಿನಂತೆ ಕಾಣುತ್ತದೆಯಂತೆ. "ಅಂತೆ" ಎಂದದ್ದು ಯಾಕೆಂದರೆ ಇವರು ಗಾಜಿನ ಪಕ್ಕ ನಿಂತು ಫೋಟೋ ತೆಗೆಯುತ್ತಿದ್ದಾಗ ನಾನು ಮಗನ ಚಡ್ಡಿ ಬದಲಿಸುವ ಕೋಣೆ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಮಗ ಅತ್ತ. ಮಗಳು ಚಪ್ಪಲಿ ಬೇಡವೆಂದು ಹಟ ಹಿಡಿದಳು. ಜೊತೆಗಿದ್ದವರು ಗಡಿಯಾರ ನೋಡಿದರು. ಹೀಗೆ ಹದಿನಾಲ್ಕು ಜಾಗ ನೋಡಿ ಬಂದ ಹೆಂಗಸು "ಮಕ್ಕಳನ್ನು ಕಟ್ಟಿಕೊಂಡು ಇನ್ನು ಹೋಗಲಾರೆ ತಾಯೀ" ಎನ್ನುತ್ತಾಳೆ. ಬುದ್ಧಿ ಹೇಳಿದ ಹಿರಿಯರಿಗೆ ಅಷ್ಟೇ ಸಾಕು.

ನಮ್ಮವರು ಕೆಟ್ಟವರಲ್ಲ. ಆದರೆ ಪ್ರವಾಸವೆಂದರೆ ಗಂಡಸರಿಗೆ ಕೆಲಸದಿಂದ ಬಿಡುವು, ನಮಗೆ ಅದೇ ಕೆಲಸ, ಪಾತ್ರೆ ಮಾತ್ರ ಬೇರೆ. ಆ ರಾತ್ರಿ ನಾನು ಮಕ್ಕಳ ಚೀಲವನ್ನು ಇವರ ಕೈಗೆ ಕೊಟ್ಟು, ಇನ್ನು ಎರಡು ದಿನ ಇದು ನಿಮ್ಮದು ಎಂದೆ. ಮೊದಲು ನಕ್ಕರು. ನಾನು ನಗಲಿಲ್ಲ. ಎರಡನೆಯ ಬಾಟಲಿ ಎಲ್ಲಿ, ಒರೆಸುವ ಬಟ್ಟೆ ಯಾವ ಜೇಬಿನಲ್ಲಿ ಎಂದು ಹತ್ತು ಸಲ ಕೇಳಿದರು. ಮರುದಿನ ಸಂಜೆಯ ಹೊತ್ತಿಗೆ ಕೇಳುವುದು ನಿಂತಿತು.

ಆಮೇಲಿನ ದಿನಗಳಲ್ಲಿ ಒಂದು ದಿನಕ್ಕೆ ಒಂದೇ ಕೆಲಸ. ಮೆಟ್ರೋದಲ್ಲಿ ಹೆಂಗಸರಿಗೂ ಮಕ್ಕಳಿಗೂ ಬೇರೆಯೇ ಡಬ್ಬಿಯ ಭಾಗ, ಐದರೊಳಗಿನ ಮಕ್ಕಳಿಗೆ ಟಿಕೆಟಿಲ್ಲ. ಒಳಗೆ ತಿನ್ನುವ ಹಾಗಿಲ್ಲ, ತಿಂದರೆ ನೂರು ದಿರ್ಹಮ್ ದಂಡ. ಹಾಗಾಗಿ ಬಿಸ್ಕತ್ತು ಹತ್ತುವ ಮೊದಲೇ ಮುಗಿಯಬೇಕು. ತಳ್ಳುಗಾಡಿಯಲ್ಲಿ ಮಗನನ್ನು ಕೂರಿಸಿ ಒಂದು ಮೈಲಿ ನಡೆದರೂ ಒಂದು ಹೊಂಡ ಸಿಗಲಿಲ್ಲ. ಬಿ.ಸಿ.ರೋಡಿನಲ್ಲಿ ತಳ್ಳುಗಾಡಿ ಇಟ್ಟುಕೊಂಡವರು ಅದರಲ್ಲಿ ಒಗೆದ ಬಟ್ಟೆ ಹಾಕುತ್ತಾರೆ. ಊರಿನ ನಡುವೆ ಕ್ರೀಕ್ ಎನ್ನುವ ಸಮುದ್ರದ ಕೈ ಒಳಬಂದಿದೆ. ಈಚೆ ದೇರಾ, ಆಚೆ ಬರ್ ದುಬೈ. ದಾಟಲು ಅಬ್ರಾ ಎಂಬ ಮರದ ದೋಣಿ, ಒಂದು ದಿರ್ಹಮ್ ಕೊಟ್ಟೆವು. ಮಗಳು ಅದರಲ್ಲಿ ಆರು ಸಲ ಹೋಗಿ ಬಂದಳು. ಬಿಳಿ ಹಕ್ಕಿಗಳು ನೀರಿನ ಮೇಲೆ ಹಿಂಡುಗಟ್ಟಿದ್ದವು. ನೇತ್ರಾವತಿಯ ಕಡವಿನ ದೋಣಿಯ ಕತೆಯನ್ನು ನನ್ನ ಅಪ್ಪ ಹೇಳುತ್ತಿದ್ದುದನ್ನು ನಾನು ಅವಳಿಗೆ ಅಲ್ಲಿ ಕೂತು ಹೇಳಿದೆ. (ಹೋಗುವವರಿಗೆ ಒಂದು ಮಾತು: ಮಸಾಲೆಯ ಡಬ್ಬಿಯಲ್ಲಿ ಗಸಗಸೆ ಕೊಂಡುಹೋಗಬೇಡಿ, ಅಲ್ಲಿ ಅದು ನಿಷಿದ್ಧ. ಎಷ್ಟೋ ಅಮ್ಮಂದಿರಿಗೆ ಇದು ತಿಳಿದಿಲ್ಲ.)

ಮೂರನೆಯ ಸಂಜೆ ನಾಲ್ಕರಿಂದ ಆರರವರೆಗೆ ಮಕ್ಕಳು ಇವರೊಡನೆ. ಅಲ್ಲೇ ದುಡಿಯುವ ನನ್ನ ತಮ್ಮನೂ ಬೆಡ್‌ಸ್ಪೇಸಿನಿಂದ ಬಂದು ಸೇರಿಕೊಂಡಿದ್ದ. ನಾನೊಬ್ಬಳೇ ಹೊರಟೆ. ಕ್ರೀಕಿನ ದಂಡೆಯಲ್ಲಿ ನಡೆದೆ. ಒಂದು ದಿರ್ಹಮ್ಮಿನ ಕಡಕ್ ಚಹಾ ತೆಗೆದುಕೊಂಡು, ಸಾಮಾನು ತುಂಬುವ ದೋಣಿಗಳನ್ನು ನೋಡುತ್ತ ಕೂತೆ. ಅಷ್ಟೇ. ಇದನ್ನು ಓದಿ ಇದರಲ್ಲೇನಿದೆ ಎನ್ನುವವರು ಬಂಟ್ವಾಳದ ಪೇಟೆಯಲ್ಲಿ ಒಂದು ಸಂಜೆ ಕೈ ಬೀಸಿಕೊಂಡು ಒಬ್ಬಳೇ ಹೊಳೆಬದಿಗೆ ನಡೆದು ನೋಡಲಿ. ಔಷಧಿ ಅಂಗಡಿಯವರು, ಟೈಲರರು, ಮಗಳ ಟೀಚರು, ಎಲ್ಲರೂ ಒಳ್ಳೆಯವರೇ, "ಎಲ್ಲಿಗೆ ಹೊರಟದ್ದು? ಮಕ್ಕಳೆಲ್ಲಿ?" ಎಂದು ಕೇಳುತ್ತಾರೆ. ಏಳು ವರ್ಷದ ಸಂಸಾರದಲ್ಲಿ ಯಾರೂ ಏನೂ ಕೇಳದ ಎರಡು ಗಂಟೆ ನನಗೆ ಸಿಕ್ಕಿದ್ದು ಅಲ್ಲಿ.

ದುಡ್ಡಿದ್ದವರ ಮಾತಿದು ಎಂದರೆ ಒಪ್ಪುತ್ತೇನೆ. ನಮ್ಮ ಹಿತ್ತಲಿನಾಚೆಯ ಮನೆಯಾಕೆ ಬೀಡಿ ಕಟ್ಟಿ ತಮ್ಮನ ವೀಸಾದ ಸಾಲ ತೀರಿಸಿದವಳು. ತಮ್ಮ ಹತ್ತು ವರ್ಷ ಅಲ್ಲಿದ್ದು ಬಂದ, ಅವಳು ಬಜಪೆಯ ಗೇಟಿನವರೆಗೆ ಮಾತ್ರ ಹೋಗಿದ್ದಾಳೆ. ಅವಳಿಗೆ ನಾನು ಪ್ರವಾಸದ ಪಾಠ ಹೇಳಲಾರೆ. ಹೇಳುವುದು ಇರುವವರಿಗೆ, ಹಾಲ್ ಹಿಡಿಯುವವರಿಗೆ, ಕಾರು ಬದಲಿಸುವವರಿಗೆ.

ಕಾಯುವುದರಲ್ಲಿ ಲಾಭವೂ ಇಲ್ಲ. ಎರಡು ತುಂಬದ ಮಗುವಿಗೆ ತಾಯಿಯ ಮಡಿಲೇ ಸೀಟು, ಟಿಕೆಟಿನ ದರ ಅಲ್ಪ. ಎರಡಾಯಿತೋ, ಬೇರೆ ಸೀಟು. ಶಾಲೆಗೆ ಸೇರಿದರೆ ರಜೆ ಎಪ್ರಿಲ್–ಮೇಯಲ್ಲಿ, ಆಗ ದುಬೈಯಲ್ಲಿ ಬಿಸಿಲು ನಲವತ್ತು ಡಿಗ್ರಿಗೆ ಏರುತ್ತದೆ. ಹಿತವಾದ ಹವೆ ಇರುವ ಜನವರಿ–ಫೆಬ್ರವರಿಯಲ್ಲಿ ಹೋಗಬಹುದಾದದ್ದು ಮಕ್ಕಳು ಸಣ್ಣವರಿರುವಾಗಲೇ. ನಾವು ಹೋಗಿ ಬಂದ ಮರುವರ್ಷ, 2020ರ ಮಾರ್ಚಿನಲ್ಲಿ, ವಿಮಾನಗಳೇ ನಿಂತವು. ಮುಂದಿನ ವರ್ಷ ಹೋಗೋಣ ಎಂದಿದ್ದ ನನ್ನ ಗೆಳತಿ ಬೆಳ್ತಂಗಡಿಯಲ್ಲಿ ಇನ್ನೂ ಮುಂದಿನ ವರ್ಷ ಎನ್ನುತ್ತಿದ್ದಾಳೆ.

ಮೊನ್ನೆ ಅವಳಿಗೆ ನಾನು ಪಾಸ್‌ಪೋರ್ಟಿನ ವಿಷಯ ಬಿಡಿಸಿ ಹೇಳಿದೆ. ದೊಡ್ಡವರದು ಹತ್ತು ವರ್ಷಕ್ಕೆ, ಮಕ್ಕಳದು ಐದು ವರ್ಷಕ್ಕೆ. ಮಕ್ಕಳ ಅರ್ಜಿಗೆ ತಂದೆ ತಾಯಿ ಇಬ್ಬರದೂ ಸಹಿ ಬೇಕು. ಅವಳು ತನ್ನದಕ್ಕೆ ಅರ್ಜಿ ಹಾಕಿ, ಮಂಗಳೂರಿಗೆ ಹೋಗಿ, ಬೆರಳಚ್ಚು ಕೊಟ್ಟು ಬಂದಿದ್ದಾಳೆ. ಪೋಲೀಸರ ವಿಚಾರಣೆಯೂ ಮುಗಿಯಿತು. ಮಕ್ಕಳ ಫಾರಮಿನಲ್ಲಿ ಅವಳ ಸಹಿ ಆಗಿದೆ. ಅದರ ಪಕ್ಕದ ಜಾಗ ಖಾಲಿ ಇದ್ದು, ಎರಡು ತಿಂಗಳಿಂದ ಫ್ರಿಜ್ಜಿನ ಮೇಲೆ, ಕರೆಂಟು ಬಿಲ್ಲುಗಳ ಕೆಳಗೆ ಇದೆಯಂತೆ.