'2.0' ಗೆದ್ದಿದ್ದೆಲ್ಲಿ, ಎಡವಿದ್ದೆಲ್ಲಿ? 500 ಕೋಟಿಯ ಸಿನಿಮಾ ಮತ್ತು ಒಂದು ಗುಬ್ಬಚ್ಚಿಯ ಪ್ರಶ್ನೆ

ಚೆನ್ನೈ ನಗರದ ಮೊಬೈಲ್ ಫೋನ್‌ಗಳೆಲ್ಲ ಇದ್ದಕ್ಕಿದ್ದಂತೆ ಆಕಾಶಕ್ಕೆ ಹಾರಿಹೋಗುತ್ತವೆ. ಮಾತನಾಡುತ್ತಿದ್ದವರ ಕೈಯಿಂದ, ಅಂಗಡಿಯ ಗಾಜಿನ ಕಪಾಟಿನಿಂದ, ಚಾರ್ಜಿಗೆ ಹಾಕಿಟ್ಟ ಜಾಗದಿಂದ ಕಿತ್ತುಕೊಂಡು ಹೊರಡುತ್ತವೆ. ಶಂಕರ್ ನಿರ್ದೇಶನದ '2.0' ಚಿತ್ರ ಪ್ರೇಕ್ಷಕರನ್ನು ಸೀಟಿನಂಚಿಗೆ ತಂದು ಕೂರಿಸಿದ್ದು ಈ ಒಂದು ಕಲ್ಪನೆಯಿಂದ.

2018ರ ನವೆಂಬರ್ 29ರಂದು ತೆರೆಕಂಡ ಈ ಚಿತ್ರಕ್ಕೆ 500 ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಗಿದೆ ಎಂದು ಆಗ ವರದಿಯಾಗಿತ್ತು. ಭಾರತದ ಅತಿ ದುಬಾರಿ ಸಿನಿಮಾ ಎಂಬ ಹೆಗ್ಗಳಿಕೆಯೊಂದಿಗೇ ಅದು ಚಿತ್ರಮಂದಿರಕ್ಕೆ ಬಂತು. 2010ರ ಅಕ್ಟೋಬರ್ 1ರಂದು ಬಿಡುಗಡೆಯಾಗಿದ್ದ 'ಎಂದಿರನ್' ಚಿತ್ರದ ಮುಂದುವರಿದ ಭಾಗ ಇದು. ಹಿಂದಿ, ತೆಲುಗಿನಲ್ಲಿ ಆ ಮೊದಲ ಭಾಗವನ್ನು 'ರೋಬೋಟ್', 'ರೋಬೋ' ಹೆಸರಿನಲ್ಲಿ ನೋಡಿದವರೂ ಬಹಳ.

ಈಗ ಭಾರತೀಯ ಭಾಷೆಗಳಲ್ಲಿ ನೂರಾರು ಕೋಟಿಯ ವಿಜ್ಞಾನ ಕಥೆಗಳು ಹೊಸತಲ್ಲ. 2024ರಲ್ಲಿ ಬಂದ 'ಕಲ್ಕಿ 2898 ಎಡಿ' ಕೂಡ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಎರಡನೇ ಭಾಗಕ್ಕೆ ದಾರಿ ಬಿಟ್ಟಿದೆ. ಇಂಥ ಹೊತ್ತಿನಲ್ಲಿ '2.0' ಏನನ್ನು ಸಾಧಿಸಿತು, ಎಲ್ಲಿ ಎಡವಿತು ಎಂದು ಮತ್ತೊಮ್ಮೆ ನೋಡುವುದು ಉಪಯುಕ್ತ. ಏಕೆಂದರೆ ಅದರ ಸೋಲಿಗೂ ಗ್ರಾಫಿಕ್ಸ್‌ಗೂ ಹೆಚ್ಚು ಸಂಬಂಧವಿಲ್ಲ.

ಕಣ್ಣಿಗೆ ಹಬ್ಬ, ಅದರಲ್ಲಿ ಅನುಮಾನವಿಲ್ಲ

ಮೊದಲು ಪ್ಲಸ್ ಪಾಯಿಂಟ್‌ಗಳು. ಹಾಲಿವುಡ್ ಚಿತ್ರಗಳಲ್ಲಿ ಕಂಡ ದೃಶ್ಯವನ್ನೇ ಕಡಿಮೆ ಖರ್ಚಿನಲ್ಲಿ ಮತ್ತೆ ಮಾಡಿ ತೋರಿಸುವುದು ನಮ್ಮ ಅನೇಕ ಸೈ-ಫೈ ಚಿತ್ರಗಳ ದೌರ್ಬಲ್ಯ. '2.0'ದ ಮುಖ್ಯ ದೃಶ್ಯಗಳಿಗೆ ಆ ದೂರು ಅನ್ವಯಿಸುವುದಿಲ್ಲ. ಸಾವಿರಾರು ಫೋನ್‌ಗಳು ರಸ್ತೆಯುದ್ದಕ್ಕೂ ಅಲೆಯಂತೆ ಉರುಳಿ ಬರುವುದು, ಮರಗಳ ನಡುವೆ ಪರದೆಗಳು ಮಿಣುಕುವುದು, ಕೊನೆಗೆ ಆ ಫೋನ್‌ಗಳೇ ಸೇರಿ ರೆಕ್ಕೆ ಬಿಚ್ಚಿದ ದೈತ್ಯ ಹಕ್ಕಿಯಾಗುವುದು, ಇವೆಲ್ಲ ಬೇರೆಲ್ಲೂ ಕಾಣದ ಕಲ್ಪನೆಗಳು. ದಿನಕ್ಕೆ ನೂರು ಬಾರಿ ಮುಟ್ಟುವ ವಸ್ತುವೇ ಭಯ ಹುಟ್ಟಿಸುತ್ತದೆ.

ಚಿತ್ರವನ್ನು ತ್ರೀಡಿ ಕ್ಯಾಮೆರಾಗಳಲ್ಲೇ ಚಿತ್ರೀಕರಿಸಲಾಗಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ತ್ರೀಡಿಗೆ ಬದಲಾಯಿಸಿದ ಚಿತ್ರಗಳಿಗಿಂತ ಇದರ ಆಳ ಬೇರೆಯೇ ಆಗಿತ್ತು. ನೀರವ್ ಶಾ ಅವರ ಛಾಯಾಗ್ರಹಣ, ವಿ. ಶ್ರೀನಿವಾಸ ಮೋಹನ್ ಅವರ ಉಸ್ತುವಾರಿಯ ವಿಎಫ್‌ಎಕ್ಸ್, ರಸೂಲ್ ಪೂಕುಟ್ಟಿ ಅವರ ಶಬ್ದ ವಿನ್ಯಾಸ ಮೂರೂ ಜೊತೆಯಾಗಿ ದುಡಿದಿವೆ. ಗ್ರಾಫಿಕ್ಸ್ ಕೆಲಸ ಮುಗಿಯದೆ ಬಿಡುಗಡೆಯ ದಿನಾಂಕ ಮತ್ತೆ ಮತ್ತೆ ಮುಂದಕ್ಕೆ ಹೋಗಿದ್ದು ನಿಜ. ಆ ಕಾಯುವಿಕೆ ತೆರೆಯ ಮೇಲೆ ಫಲ ಕೊಟ್ಟಿದ್ದೂ ನಿಜ.

ಇನ್ನೊಂದು ಮೆಚ್ಚಬೇಕಾದ ಅಂಶ, ಸಂಯಮ. ಶಂಕರ್ ಚಿತ್ರವೆಂದರೆ ವಿದೇಶದಲ್ಲಿ ಚಿತ್ರೀಕರಿಸಿದ ಅದ್ದೂರಿ ಹಾಡುಗಳು ಎಂಬ ಲೆಕ್ಕವಿತ್ತು. ಇಲ್ಲಿ ಎ.ಆರ್. ರೆಹಮಾನ್ ಇದ್ದರೂ ಹಾಡುಗಳು ಕಥೆಗೆ ಅಡ್ಡ ಬರುವುದಿಲ್ಲ. ಯುಗಳ ಗೀತೆ ಚಿತ್ರ ಮುಗಿದು ಹೆಸರುಗಳು ಉರುಳುವಾಗ ಬರುತ್ತದೆ. ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್‌ಗೆ ಚಿತ್ರ ಬಿಡುಗಡೆಯಾದಾಗ 67 ವರ್ಷ. ವಿಜ್ಞಾನಿ ವಸೀಗರನ್, ಒಳ್ಳೆಯ ಚಿಟ್ಟಿ, ಕೆಂಪು ಚಿಪ್ ಹಾಕಿದ ತುಂಟ ಚಿಟ್ಟಿ, ಹೀಗೆ ಒಂದೊಂದಕ್ಕೂ ಬೇರೆ ನಡಿಗೆ, ಬೇರೆ ನಗು ಕೊಡುವುದನ್ನು ಅವರು ಮರೆತಿಲ್ಲ.

ಮೊದಲ ಭಾಗಕ್ಕಿದ್ದ ಹೃದಯ

ಆದರೆ 'ಎಂದಿರನ್' ಜನರ ಮನಸ್ಸಿನಲ್ಲಿ ಉಳಿದಿದ್ದು ರೋಬೋಗಳು ಸೇರಿ ಹಾವಾಗುವ, ಚೆಂಡಾಗುವ ಕೊನೆಯ ದೃಶ್ಯಗಳಿಂದ ಮಾತ್ರವಲ್ಲ. ಬೆಂಕಿ ಬಿದ್ದ ಕಟ್ಟಡದಿಂದ ಚಿಟ್ಟಿ ಒಬ್ಬ ಹುಡುಗಿಯನ್ನು ಕಾಪಾಡಿ ತರುತ್ತಾನೆ. ಅವಳು ಸ್ನಾನ ಮಾಡುತ್ತಿದ್ದಳು, ಮೈಮೇಲೆ ಬಟ್ಟೆಯಿಲ್ಲ, ಸುತ್ತ ಟಿವಿ ಕ್ಯಾಮೆರಾಗಳು. ಅವಮಾನ ತಾಳಲಾರದೆ ಓಡಿದ ಆಕೆ ವಾಹನಕ್ಕೆ ಸಿಕ್ಕಿ ಸಾಯುತ್ತಾಳೆ. ಪ್ರಾಣ ಉಳಿಸಬೇಕೆಂದು ಗೊತ್ತಿದ್ದ ಯಂತ್ರಕ್ಕೆ ಮಾನ ಎಂದರೇನೆಂದು ಗೊತ್ತಿರಲಿಲ್ಲ. ಕೃತಕ ಬುದ್ಧಿಮತ್ತೆಯ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆಯ ಮುಖ್ಯ ಪ್ರಶ್ನೆಯೊಂದನ್ನು ಆ ದೃಶ್ಯ 2010ರಲ್ಲೇ ಕೇಳಿತ್ತು.

ಆ ಚಿತ್ರದ ಬರವಣಿಗೆಯಲ್ಲಿ ತಮಿಳಿನ ಜನಪ್ರಿಯ ಲೇಖಕ ಸುಜಾತಾ ಅವರ ಕೈಯಿತ್ತು. ಅವರ ನಿಜ ಹೆಸರು ರಂಗರಾಜನ್. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಜಿನಿಯರ್ ಆಗಿದ್ದವರು, ವಿದ್ಯುನ್ಮಾನ ಮತಯಂತ್ರದ ತಯಾರಿಯಲ್ಲಿ ತೊಡಗಿದ್ದವರು. ಯಂತ್ರ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಬಲ್ಲವರು ಬರೆದಾಗ ಕಥೆಗೆ ಬರುವ ತೂಕವೇ ಬೇರೆ. 2008ರಲ್ಲಿ ಅವರು ತೀರಿಕೊಂಡರು. '2.0'ಕ್ಕೆ ಸಂಭಾಷಣೆ ಬರೆದ ಜಯಮೋಹನ್ ಕೂಡ ದೊಡ್ಡ ಸಾಹಿತಿಯೇ. ಆದರೆ ಈ ಕಥೆಯಲ್ಲಿ ಚಿಟ್ಟಿಗೆ ಆಡಲು ಮಾತಿದೆಯೇ ಹೊರತು ಕೇಳಲು ಪ್ರಶ್ನೆಯಿಲ್ಲ.

ಮೊದಲ ಭಾಗದಲ್ಲಿ ಚಿಟ್ಟಿಗೆ ಆಸೆಯಿತ್ತು, ಹೊಟ್ಟೆಕಿಚ್ಚಿತ್ತು, ಕೊನೆಗೆ ತನ್ನ ಕೈಯಿಂದಲೇ ತನ್ನ ಭಾಗಗಳನ್ನು ಕಳಚಿಡುವ ಸಂಕಟವಿತ್ತು. ಎರಡನೇ ಭಾಗದಲ್ಲಿ ಅವನನ್ನು ಮತ್ತೆ ಜೋಡಿಸುತ್ತಾರೆ, ಯುದ್ಧಕ್ಕೆ ಕಳಿಸುತ್ತಾರೆ. ಅಷ್ಟೇ ಅವನ ಕೆಲಸ. ಏಮಿ ಜಾಕ್ಸನ್ ನಿರ್ವಹಿಸಿದ ನಿಲಾ ಎಂಬ ರೋಬೋ ಪಾತ್ರದ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಸನಾ ಫೋನಿನ ದನಿಯಾಗಿ ಮಾತ್ರ ಉಳಿಯುತ್ತಾಳೆ. ಖರ್ಚು ಹೆಚ್ಚಾದಷ್ಟೂ ಪಾತ್ರಗಳು ತೆಳುವಾಗಿದ್ದು '2.0'ದ ಮೊದಲ ಮೈನಸ್ ಪಾಯಿಂಟ್.

ನಾಯಕನಾಗಬೇಕಿದ್ದವನೇ ಖಳನಾದಾಗ

ಹಾಗಾದರೆ ಚಿತ್ರದ ಹೃದಯ ಎಲ್ಲಿದೆ? ಉತ್ತರ ಸುಲಭ, ಖಳನಾಯಕನಲ್ಲಿ. ಅಕ್ಷಯ್ ಕುಮಾರ್ ಅವರ ಮೊದಲ ತಮಿಳು ಚಿತ್ರ ಇದು. ಪಕ್ಷಿರಾಜನ್ ಎಂಬ ಮುದಿ ಪಕ್ಷಿತಜ್ಞ, ತನ್ನ ಹಕ್ಕಿಗಳು ಒಂದೊಂದಾಗಿ ಸಾಯುವುದನ್ನು ನೋಡುತ್ತಾನೆ. ಮೊಬೈಲ್ ಗೋಪುರದ ವಿಕಿರಣವೇ ಕಾರಣವೆಂದು ಕಂಪನಿಗಳ, ಸಚಿವರ, ನ್ಯಾಯಾಲಯದ ಬಾಗಿಲು ತಟ್ಟುತ್ತಾನೆ. ಯಾರೂ ಕೇಳದಾಗ ಅದೇ ಗೋಪುರಕ್ಕೆ ನೇಣು ಹಾಕಿಕೊಳ್ಳುತ್ತಾನೆ. ಆತನ ಮತ್ತು ಸತ್ತ ಹಕ್ಕಿಗಳ ಚೇತನವೇ ಫೋನ್‌ಗಳನ್ನು ಹೊತ್ತು ಸೇಡಿಗೆ ಇಳಿಯುತ್ತದೆ.

ಶಂಕರ್ ಅವರ ಹಳೆಯ ಚಿತ್ರಗಳನ್ನು ನೆನಪಿಸಿಕೊಂಡರೆ ಇಲ್ಲೊಂದು ಕುತೂಹಲದ ತಿರುವು ಕಾಣುತ್ತದೆ. 'ಇಂಡಿಯನ್' ಚಿತ್ರದ ಸೇನಾಪತಿ, 'ಅನ್ನಿಯನ್' ಚಿತ್ರದ ಅಂಬಿ ಇಬ್ಬರೂ ವ್ಯವಸ್ಥೆಯಿಂದ ನೊಂದು ತಪ್ಪಿತಸ್ಥರನ್ನು ಕೊಲ್ಲುವವರು. ಅಲ್ಲಿ ಅವರೇ ನಾಯಕರು. ಪಕ್ಷಿರಾಜನ್ ಅದೇ ಜಾತಿಯ ಪಾತ್ರ. ಹಳೆಯ ಲೆಕ್ಕದಲ್ಲಿ ಚಪ್ಪಾಳೆ ಅವನಿಗೇ ಸಲ್ಲಬೇಕು. ಆದರೆ ಎದುರಿಗೆ ನಿಂತಿರುವುದು ರಜನಿಕಾಂತ್. ಹಾಗಾಗಿ ಅವನು ಸೋಲಲೇಬೇಕು.

ಈ ಇಕ್ಕಟ್ಟಿನಿಂದ ಪಾರಾಗಲು ಚಿತ್ರ ಅಡ್ಡದಾರಿ ಹಿಡಿಯುತ್ತದೆ. ಮೊದಲು ಕಂಪನಿ ಮಾಲೀಕ, ಸಚಿವ ಮುಂತಾದವರನ್ನು ಗುರಿ ಮಾಡಿದ ಪಕ್ಷಿರಾಜನ್, ಕೊನೆಗೆ ಫೋನ್ ಹಿಡಿದವರೆಲ್ಲ ಅಪರಾಧಿಗಳೆಂದು ತುಂಬಿದ ಕ್ರೀಡಾಂಗಣದ ಮೇಲೆ ಬೀಳುತ್ತಾನೆ. ಇಷ್ಟಾದ ಮೇಲೆ ಅವನ ಬಗ್ಗೆ ಕನಿಕರ ಉಳಿಯುವುದು ಕಷ್ಟ. ಇನ್ನೂ ವಿಚಿತ್ರವೆಂದರೆ ಪುಟಾಣಿ ರೋಬೋಗಳು ಪಾರಿವಾಳಗಳ ಮೇಲೆ ಕುಳಿತು ಬಂದು ಅವನನ್ನು ಕಟ್ಟಿಹಾಕುತ್ತವೆ. ಹಕ್ಕಿಗೆ ನೋವಾಗಬಾರದು ಎಂಬ ಅವನ ಒಳ್ಳೆಯತನವೇ ಅವನಿಗೆ ಮುಳುವಾಗುತ್ತದೆ. ನಂತರ ವಸೀಗರನ್ ಬಂದು, ಪಕ್ಷಿರಾಜನ್ ಹೇಳಿದ್ದು ಸರಿ, ದಾರಿ ಮಾತ್ರ ತಪ್ಪು ಎಂಬರ್ಥದ ಬುದ್ಧಿಮಾತು ಹೇಳುತ್ತಾನೆ. ಅರ್ಧ ಗಂಟೆ ಹೊಡೆದಾಡಿದ ಮೇಲೆ ಹೀಗೆ ಒಪ್ಪಿಕೊಂಡರೆ ಅದಕ್ಕೆ ಬಲವಿರುವುದಿಲ್ಲ.

ವಿಜ್ಞಾನ ಏನು ಹೇಳುತ್ತದೆ?

ಅತಿ ದೊಡ್ಡ ತೊಡಕು ಇರುವುದು ಆ 'ಸರಿ'ಯಲ್ಲೇ. ಆತ್ಮಗಳ ಪ್ರಭಾವಳಿ, ಧನ ಮತ್ತು ಋಣ ಶಕ್ತಿ ಎಂಬುದನ್ನೆಲ್ಲ ಕಥೆಯ ಸ್ವಾತಂತ್ರ್ಯವೆಂದು ಬಿಡಬಹುದು. ದೆವ್ವದ ಕಥೆಗೆ ಪ್ರಯೋಗಾಲಯದ ಕೋಟು ತೊಡಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಮೊಬೈಲ್ ವಿಕಿರಣದಿಂದ ಹಕ್ಕಿಗಳು ಸಾಯುತ್ತಿವೆ ಎಂಬುದನ್ನು ಚಿತ್ರ ಸಾಬೀತಾದ ಸತ್ಯದಂತೆ ಮುಂದಿಟ್ಟಿತು. ಬಿಡುಗಡೆಗೆ ಮುನ್ನ ಮೊಬೈಲ್ ಕಂಪನಿಗಳ ಒಕ್ಕೂಟ ಸಿಒಎಐ, ಚಿತ್ರ ಅವೈಜ್ಞಾನಿಕ ಭಾವನೆ ಹರಡುತ್ತಿದೆ ಎಂದು ಸೆನ್ಸಾರ್ ಮಂಡಳಿಗೆ ದೂರು ಕೊಟ್ಟಿತ್ತು. ದೂರು ಕೊಟ್ಟವರಿಗೆ ಅದರಲ್ಲಿ ಸ್ವಂತ ಲಾಭವಿತ್ತು ಎಂಬುದು ಸ್ಪಷ್ಟ. ಹಾಗೆಂದು ಚಿತ್ರದ ವಾದ ತಾನಾಗಿ ನಿಜವಾಗುವುದಿಲ್ಲ.

ಅನುಮಾನಕ್ಕೆ ಆಧಾರವೇ ಇಲ್ಲ ಎಂದಲ್ಲ. ಗೋಪುರಗಳಿಂದ ಹಕ್ಕಿ, ಜೇನ್ನೊಣಗಳಿಗೆ ಏನಾಗುತ್ತದೆ ಎಂದು ಪರಿಶೀಲಿಸಲು ಕೇಂದ್ರ ಪರಿಸರ ಸಚಿವಾಲಯ 2010ರಲ್ಲಿ ತಜ್ಞರ ಸಮಿತಿ ನೇಮಿಸಿತ್ತು. 2012ರ ಸೆಪ್ಟೆಂಬರ್‌ನಿಂದ ಭಾರತದಲ್ಲಿ ಗೋಪುರದ ವಿಕಿರಣ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಲಾಯಿತು. ಎಚ್ಚರಿಕೆ ಬೇಕೆಂಬುದು ಸರಿ. ಎಚ್ಚರಿಕೆ ಬೇರೆ, ರುಜುವಾತು ಬೇರೆ.

2020ರಲ್ಲಿ ಪ್ರಕಟವಾದ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ 867 ಪ್ರಭೇದಗಳ ಸ್ಥಿತಿಯನ್ನು ಅಳೆಯಿತು. ಅದಕ್ಕೆ ಮಾಹಿತಿ ಕೊಟ್ಟವರು ಸುಮಾರು 15,500 ಪಕ್ಷಿವೀಕ್ಷಕರು. ಒಟ್ಟು ದೇಶದಲ್ಲಿ ಗುಬ್ಬಚ್ಚಿಯ ಸಂಖ್ಯೆ 25 ವರ್ಷಗಳಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದು ವರದಿ ಹೇಳಿತು. ಕಡಿಮೆಯಾಗಿರುವುದು ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದ್, ಕೋಲ್ಕತಾ, ಮುಂಬೈ ಎಂಬ ಆರು ಮಹಾನಗರಗಳಲ್ಲಿ. ಮರಿಗಳಿಗೆ ತಿನ್ನಿಸಲು ಹುಳುಹುಪ್ಪಟೆ ಇಲ್ಲದಿರುವುದು, ಗೂಡಿಗೆ ಜಾಗವಿಲ್ಲದಿರುವುದು ಇದಕ್ಕೆ ಕಾರಣವಿರಬಹುದು ಎಂದಿರುವ ವರದಿ, ಗೋಪುರದ ವಿಕಿರಣಕ್ಕೆ ಖಚಿತ ಪುರಾವೆ ಕಾಣಲಿಲ್ಲ.

ಇದು ನಗರವಾಸಿಗಳಿಗೆ ಅಪರಿಚಿತ ವಿಷಯವಲ್ಲ. ಹೆಂಚಿನ ಮಾಡಿನ ಸಂದು, ಗೋಡೆಯಲ್ಲಿನ ಫೋಟೋದ ಹಿಂಬದಿ, ಅಕ್ಕಿ ಕೇರುವಾಗ ಅಂಗಳಕ್ಕೆ ಚೆಲ್ಲುತ್ತಿದ್ದ ನುಚ್ಚು, ಹಿತ್ತಲ ಪೊದೆ ಎಲ್ಲವೂ ಇದ್ದಾಗ ಗುಬ್ಬಚ್ಚಿ ಮನೆಯವರಲ್ಲೇ ಒಂದಾಗಿತ್ತು. ಗಾಜಿನ ಕಟ್ಟಡ, ಸಿಮೆಂಟಿನ ಅಂಗಳ, ಪ್ಯಾಕೆಟ್ ಅಕ್ಕಿಯ ಊರಿನಲ್ಲಿ ಅದಕ್ಕೆ ಜಾಗವಿಲ್ಲ. ಗೋಪುರವೊಂದನ್ನೇ ದೂರಿದರೆ ಅಪಾರ್ಟ್‌ಮೆಂಟಿನ ವಿನ್ಯಾಸದ ಬಗ್ಗೆ, ಕೀಟನಾಶಕದ ಬಗ್ಗೆ, ಕಡಿದ ಮರದ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ತಪ್ಪು ಆರೋಪಿಯನ್ನು ಹಿಡಿದುಕೊಟ್ಟರೆ ನಿಜವಾದ ಆರೋಪಿಗೆ ಲಾಭ.

ಕೈಯಲ್ಲೇ ಇದ್ದ ಒಳ್ಳೆಯ ಕಥೆ

ವಿಜ್ಞಾನ ನಿಜವಾದ ಆರೋಪಿಯನ್ನು ಹಿಡಿದ ಉದಾಹರಣೆ ಭಾರತದಲ್ಲೇ ಇದೆ. 1990ರ ದಶಕದಿಂದ ರಣಹದ್ದುಗಳು ಗುಂಪುಗುಂಪಾಗಿ ಸತ್ತವು. ರೋಗವಿರಬೇಕೆಂದು ಮೊದಲು ಅನುಮಾನಿಸಲಾಗಿತ್ತು. ದನಗಳಿಗೆ ಕೊಡುವ ಡೈಕ್ಲೋಫಿನಾಕ್ ಎಂಬ ನೋವಿನ ಔಷಧ, ಸತ್ತ ದನ ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತಿದೆ ಎಂದು 2004ರ ಹೊತ್ತಿಗೆ ಗೊತ್ತಾಯಿತು. 2006ರಲ್ಲಿ ಭಾರತ ಅದರ ಪಶು ಬಳಕೆಯನ್ನು ನಿಷೇಧಿಸಿತು. 'ಶೋಲೆ' ಚಿತ್ರೀಕರಣ ನಡೆದ ರಾಮನಗರದ ಬೆಟ್ಟಗಳಲ್ಲಿ 2012ರಲ್ಲಿ ರಣಹದ್ದು ಅಭಯಾರಣ್ಯವೂ ಆಯಿತು. ಪತ್ತೇದಾರಿ ಕಥೆಗೆ ಬೇಕಾದ ಸುಳಿವು, ತಪ್ಪು ಅನುಮಾನ, ತಿರುವು ಎಲ್ಲವೂ ಇದರಲ್ಲಿವೆ.

ಪಕ್ಷಿರಾಜನ್ ಪಾತ್ರಕ್ಕೆ ಸ್ಫೂರ್ತಿಯಾದ ಸಲೀಂ ಅಲಿ ಅವರ ಜೀವನವೂ ಹಾಗೆಯೇ. ಬಾಲ್ಯದಲ್ಲಿ ಏರ್‌ಗನ್‌ನಿಂದ ಹೊಡೆದ ಹಳದಿ ಕತ್ತಿನ ಒಂದು ಗುಬ್ಬಚ್ಚಿಯನ್ನು ಗುರುತಿಸಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಹುಡುಗ, ಮುಂದೆ ದೇಶದ ಹಕ್ಕಿಗಳನ್ನೆಲ್ಲ ಲೆಕ್ಕವಿಟ್ಟರು. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನೂ ಅವರು ನಡೆಸಿದ್ದರು. ಭರತ್‌ಪುರದ ಕೆರೆಗಳು, ಕೇರಳದ ಸೈಲೆಂಟ್ ವ್ಯಾಲಿ ಉಳಿಯುವುದರಲ್ಲಿ ಅವರ ಮಾತಿಗೆ ಬೆಲೆಯಿತ್ತು. ಆ ಬೆಲೆ ಬಂದಿದ್ದು ನೋಟ್‌ಬುಕ್ಕಿನಲ್ಲಿ ದಶಕಗಳ ಕಾಲ ಬರೆದಿಟ್ಟ ಟಿಪ್ಪಣಿಗಳಿಂದ. '2.0' ಅವರ ಬಿಳಿ ಗಡ್ಡವನ್ನು ತೆಗೆದುಕೊಂಡಿತು, ಟಿಪ್ಪಣಿ ಪುಸ್ತಕವನ್ನು ಅಲ್ಲೇ ಬಿಟ್ಟಿತು.

ಒಟ್ಟಾರೆ ಹೇಳುವುದಾದರೆ, ಭಾರತದಲ್ಲೂ ಇಂಥ ದೃಶ್ಯಗಳನ್ನು ಕಟ್ಟಬಹುದು ಎಂದು '2.0' ತೋರಿಸಿಕೊಟ್ಟಿತು. ಆ ದಾರಿಯಲ್ಲಿ ನಡೆಯುವವರಿಗೆ ಅದು ಕೊಟ್ಟ ಧೈರ್ಯ ಸಣ್ಣದಲ್ಲ. ಹಕ್ಕಿಗಾಗಿ ಅಳುವ ಮುದುಕನನ್ನು ಇಷ್ಟು ದೊಡ್ಡ ಕಮರ್ಷಿಯಲ್ ಚಿತ್ರದ ನಡುವೆ ತಂದು ನಿಲ್ಲಿಸಿದ್ದೂ ಸಣ್ಣ ವಿಷಯವಲ್ಲ. ಚಿತ್ರ ನೋಡಿ ಬಂದ ಮಕ್ಕಳು ಗುಬ್ಬಚ್ಚಿ ಎಲ್ಲಿ ಹೋಯಿತು ಎಂದು ಕೇಳಿದ್ದರೆ ಅದು ಚಿತ್ರದ ನಿಜವಾದ ಗಳಿಕೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು 500 ಕೋಟಿಯಲ್ಲಿ ಸ್ವಲ್ಪ ಹಣ, ಸ್ವಲ್ಪ ಸಮಯ ಮೀಸಲಿಡಬೇಕಿತ್ತು. ಮುಂದೆ ಬರಲಿರುವ ಸೀಕ್ವೆಲ್‌ಗಳ ನಿರ್ಮಾಪಕರು ಗ್ರಾಫಿಕ್ಸ್ ಸ್ಟುಡಿಯೋದ ಜೊತೆಗೆ ಒಬ್ಬಿಬ್ಬರು ವಿಜ್ಞಾನಿಗಳನ್ನೂ ಕಥೆ ಬರೆಯುವ ಹಂತದಲ್ಲೇ ಕೂರಿಸಿಕೊಂಡರೆ, ಖರ್ಚು ಹೆಚ್ಚಾಗದು. ಕಥೆಯ ತೂಕ ಖಂಡಿತ ಹೆಚ್ಚಾಗುತ್ತದೆ.