ಜಿಡ್ಡು ಹಿಡಿದ ಮಷೀನು
ಹೊಳೆನರಸೀಪುರದ ಸೀಮೆಯಲ್ಲಿ ಒಣಗಿದ ತೆಂಗು ಉರುಳಿಸಲು ಈಗ ಕೊಡಲಿ ಹಿಡಿಯುವವರು ಕಡಿಮೆ, ಮರ ಕೊಯ್ಯುವ ಮಷೀನೇ ಬರಬೇಕು. ಅದು ಕೈಕೊಟ್ಟಾಗ, ಹೊಟ್ಟೂ ಚೈನ್ ಆಯಿಲ್ಲೂ ಬೆರೆತು ಮೆತ್ತಿದ ಕರಿ ಜಿಡ್ಡಿನ ಸಮೇತ ತಂದಿಟ್ಟರೆ ಮೆಕ್ಯಾನಿಕ್ ಮೊದಲು ಮುಖ ಸಿಂಡರಿಸುತ್ತಾರೆ, ಆಮೇಲೆ ತೊಳೆದ ಕೂಲಿ ಸೇರಿಸುತ್ತಾರೆ, ತಪ್ಪೇನಿಲ್ಲ. ಈ ಜಿಡ್ಡು ತೆಗೆಯಲು ದುಬಾರಿ ಸ್ಪ್ರೇ ಡಬ್ಬಿ ಬೇಕಿಲ್ಲ. ಪ್ಲಗ್ಗಿನ ವೈರ್ ಕಿತ್ತು, ಚೈನನ್ನೂ ಅದು ಸುತ್ತುವ ಬಾರನ್ನೂ ಬಿಚ್ಚಿ, ಮುಚ್ಚಳದೊಳಗಿನ ಗಟ್ಟಿ ಪದರವನ್ನು ಮರದ ಚಕ್ಕೆಯಿಂದ ಕೆರೆದು, ಒಂದಿಷ್ಟು ಡೀಸೆಲ್ ಸವರಿ, ಹತ್ತು ನಿಮಿಷ ಬಿಟ್ಟು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಸಾಕು. ಬಾರಿಗೆ ಆಯಿಲ್ ಬರುವ ಸಣ್ಣ ತೂತನ್ನು ಕಡ್ಡಿ ಹಾಕಿ ಬಿಡಿಸಿ. ಎಷ್ಟೋ ಸಲ ರೋಗವೇ ಅಲ್ಲಿರುತ್ತದೆ. ನೈಲಾನ್ ಜಾಲರಿಯ ಏರ್ ಫಿಲ್ಟರಿಗೆ ಬೆಚ್ಚನೆ ಸೋಪಿನ ನೀರು ಸಾಕು, ಆದರೆ ಪೂರ್ತಿ ಒಣಗಬೇಕು. ಪೆಟ್ರೋಲಿನಲ್ಲಿ ಅದ್ದುವ ಚಾಳಿ ಬೇಡ, ಅದರಲ್ಲೂ ಬಾಯಲ್ಲಿ ಬೀಡಿ ಇಟ್ಟುಕೊಂಡು! ಕಾಸ್ಟಿಕ್ ಸೋಡಾ ಅಂತೂ ಅಲ್ಯೂಮಿನಿಯಂ ಭಾಗಗಳನ್ನೇ ತಿಂದುಹಾಕುತ್ತದೆ. ತೊಳೆಯುವಾಗ ಪ್ಲಗ್ ಕಳಚದೆ, ಕಾರ್ಬುರೇಟರಿನ ಬಾಯಿಗೆ ಬಟ್ಟೆ ತುರುಕಿರಿ. ಕೊನೆಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ ಸಿಲಿಂಡರ್ ಸಂದಿಯ ಹೊಟ್ಟೂ ಹಾರಿಹೋಗುತ್ತದೆ.