ಡಬ್ಬಿ ಬಣ್ಣದ ಲೆಕ್ಕ

ಆಳಂದದಲ್ಲಿ ಅಬ್ಬಾ ಓಡಿಸುವ ಬಾಡಿಗೆ ಕಾರಿನ ಬಂಪರಿಗೆ ಕಟ್ಟೆ ತಾಗಿ ಬಣ್ಣ ಕಿತ್ತಿತು. ಪೇಂಟರ್ 2,500 ರೂಪಾಯಿ ಕೇಳಿದರು. ‘ಬರೀ ಬಣ್ಣಕ್ಕೆ ಇಷ್ಟಾ?’ ಎಂದು ನಾನೇ ಸ್ಪ್ರೇ ಡಬ್ಬಿ ತಂದು ಮೇ ತಿಂಗಳ ಬಿಸಿಲಿನಲ್ಲಿ ಹೊಡೆದೆ. ಬಣ್ಣ ಗಾಳಿಯಲ್ಲೇ ಒಣಗಿ ಪುಡಿಪುಡಿಯಾಗಿ ಕೂತಿತು. ವಾರದಲ್ಲಿ ಸಿಪ್ಪೆಯಂತೆ ಎದ್ದಿತು.

ಬಂಪರ್ ಪ್ಲಾಸ್ಟಿಕ್. ಅದಕ್ಕೆ ಪ್ಲಾಸ್ಟಿಕ್ ಪ್ರೈಮರೇ ಬೇಕು. ಎರಡನೇ ಸಲ 400, 600 ನಂಬರಿನ ವಾಟರ್ ಪೇಪರಿನಿಂದ ತಿಕ್ಕಿ, ಪ್ರೈಮರ್ ಹೊಡೆದು, ನೆರಳಿನಲ್ಲಿ ತೆಳುವಾಗಿ ಮೂರು ಕೋಟ್ ಬಣ್ಣ, ಮೇಲೊಂದು ಕ್ಲಿಯರ್ ಕೋಟ್ ಕೊಟ್ಟೆ. ಚೆನ್ನಾಗಿ ಬಂತು. ಆದರೆ ಎರಡು ದಿನ ಹೋಯಿತು, ಬೆರಳು ಸವೆಯಿತು. ಮೂಗಿಗೆ ಬಟ್ಟೆ ಕಟ್ಟಿದರೂ ಬಣ್ಣದ ಘಾಟಿಗೆ ತಲೆ ನೋವು.

ಕಾಮರ್ಸ್ ಓದುವ ನಾನು ಸಾಮಾನಿನ ಬೆಲೆ ಬರೆದಿದ್ದೆ, ದುಡಿಮೆಯ ಬೆಲೆ ಬಿಟ್ಟಿದ್ದೆ. ಮನೆಯಲ್ಲಿ ಮಾಡಿ ಕಲಿಯುವುದು ಒಳ್ಳೆಯದೇ. ಆದರೆ ಪೇಂಟರ್ ಜೊತೆ ಚೌಕಾಸಿಗೆ ಇಳಿಯುವ ಮುನ್ನ ಒಮ್ಮೆ ನೀವೇ ತಿಕ್ಕಿ ನೋಡಿ.